ಸದ್ದು ನುಂಗಿದ ಎಣ್ಣೆ

ಓಡ್ತಾ ಇರೋ ಎಂಜಿನ್ನಿಗೆ ಮತ್ತೊಮ್ಮೆ ಕೀ ತಿರುಗಿಸಿದರೆ ಅದು ಹೇಗೆ ಕಿರುಚುತ್ತೆ, ಕೇಳಿದ್ದೀರಾ?

ಕರ್‍ರ್ ಅಂತ. ತುಕ್ಕು ಹಿಡಿದ ಗೇಟನ್ನು ಸಿಮೆಂಟ್ ನೆಲದ ಮೇಲೆ ಎಳೆದ ಹಾಗೆ. ಕೇಳಿದವರ ಹಲ್ಲು ಜುಮ್ಮೆನ್ನಬೇಕು.

ಈ ವರ್ಷ ಮಳೆ ಶುರುವಾಗುವ ಹೊತ್ತಿಗೆ, ಒಂದು ಭಾನುವಾರ ಬೆಳಗ್ಗೆ, ನಮ್ಮ ಮನೆ ಕಾಂಪೌಂಡಿನಿಂದ ಆ ಸದ್ದು ಬಂತು. ನಿಂತಿತು. ಮತ್ತೆ ಬಂತು. ನಾನು ಕಾಫಿ ಲೋಟ ಹಿಡಿದುಕೊಂಡೇ ಹೊರಗೆ ಓಡಿದೆ. ಎದುರುಮನೆ ಆಂಟಿ ಆಗಲೇ ಬಾಲ್ಕನಿಯಿಂದ ಬಗ್ಗಿ ನೋಡ್ತಾ ಇದ್ರು.

ಕಾರಿನ ಡ್ರೈವರ್ ಸೀಟಿನಲ್ಲಿ ನಮ್ಮ ಮಾವ. ಕೈ ಕೀ ಮೇಲೆ. ಮುಖದ ತುಂಬಾ ಚಿಂತೆ.

"ಏನಮ್ಮ ಇದು, ಗಾಡಿ ಸ್ಟಾರ್ಟೇ ಆಗ್ತಿಲ್ವಲ್ಲ?"

ಕಾರು ಸ್ಟಾರ್ಟ್ ಆಗಿತ್ತು. ಆಗಿ ಎಷ್ಟೋ ಹೊತ್ತಾಗಿತ್ತು. ಹಿಂದೆ ಸೈಲೆನ್ಸರ್ ಪೈಪಿನಿಂದ ತೆಳ್ಳಗೆ ಹೊಗೆ ಎದ್ದು ಕಾಂಪೌಂಡ್ ಗೋಡೆಯ ಹತ್ತಿರ ಕರಗ್ತಾ ಇತ್ತು.

"ಆನ್ ಆಗೇ ಇದೆ ಮಾವ!"

ಅವರು ನನ್ನನ್ನು ನೋಡಿದರು. ಆಮೇಲೆ ಸ್ಟಿಯರಿಂಗ್ ನೋಡಿದರು.

"ಹಂಗಾದ್ರೆ ಸದ್ದೆಲ್ಲಿ?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ರೆಡಿ ಇತ್ತು. ಹೆಮ್ಮೆಯ ಉತ್ತರ. "ಹೊಸ ಆಯಿಲ್ ಮಾವ! ಹೇಳಿರ್ಲಿಲ್ವಾ, ಸಿಂಥೆಟಿಕ್ ಹಾಕಿದ್ರೆ ಎಂಜಿನ್ ಸ್ಮೂತ್ ಆಗುತ್ತೆ ಅಂತ?"

ಆ ಉತ್ತರ ಎಷ್ಟು ತಪ್ಪು ಅಂತ ಗೊತ್ತಾಗೋಕೆ ಮಳೆಗಾಲ ಮುಗಿಯಬೇಕಾಯಿತು.

ನಮ್ಮ ಮಾವ ಯಾರು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಹೆಸರು ಹನುಮಂತರಾಯಪ್ಪ. ನನ್ನ ಗಂಡ ಸತೀಶನ ಅಪ್ಪ. ಹುಟ್ಟಿದ್ದು ಹೆಗ್ಗನಹಳ್ಳಿಯಲ್ಲಿ, ಅದು ನಿಜಕ್ಕೂ ಹಳ್ಳಿಯಾಗಿದ್ದ ಕಾಲದಲ್ಲಿ. ರಾಗಿ, ಅವರೆ ಬೆಳೀತಿದ್ದ ಹೊಲ ಸೈಟುಗಳಾಗಿ ಹೋದ ಮೇಲೆ ಒಂದು ಟೆಂಪೋ ತಗೊಂಡರು. ಮಾಗಡಿ ರಸ್ತೆಯ ಹಳ್ಳಿಗಳಿಂದ ಮಾರ್ಕೆಟ್ಟಿಗೆ ತರಕಾರಿ ಸಾಗಿಸೋದು ಕೆಲಸ. ಮಗ ಕೆಲಸಕ್ಕೆ ಸೇರಿ, ಮನೆ ಕಟ್ಟಿ, ಟೆಂಪೋ ಮಾರುವ ತನಕ ಅದನ್ನೇ ಮಾಡಿದರು. ಈಗ ಚಂದ್ರಾ ಲೇಔಟಿನ ಮನೆಯಲ್ಲಿ ಮಾವ, ಅತ್ತೆ ಜಯಮ್ಮ, ಸತೀಶ ಮತ್ತು ನಾನು. ಜೊತೆಗೆ ಈ ಕಾರು. (ಬಿಳಿ ಬಣ್ಣದ, ಹಿಂದಿನ ಬಂಪರ್ ಸ್ವಲ್ಪ ಸೊಟ್ಟಗಾಗಿರುವ, ಒಂದು ಕಾಲಕ್ಕೆ ಬೀದಿಗೆ ಹತ್ತರಂತೆ ನಿಂತಿರುತ್ತಿದ್ದ ಸಣ್ಣ ಪೆಟ್ರೋಲ್ ಕಾರು.)

ಸತೀಶ ಮೆಟ್ರೋ ಗಿರಾಕಿ. ಕಾರು ಓಡಿಸುವವಳು ನಾನು. ಪಾಠ ಮಾಡುವ ಕಾಲೇಜು ರಾಜಾಜಿನಗರದಲ್ಲಿದೆ. ದಿನಾ ಹೋಗಿ ಬರ್ತೀನಿ.

ನನಗೆ ಡ್ರೈವಿಂಗ್ ಕಲಿಸಿದ್ದೂ ಮಾವನೇ. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ದಿನ, "ಬಾಮ್ಮ, ಕೂತ್ಕೋ" ಅಂತ ಕೀ ಕೊಟ್ಟರು. ನನ್ನ ತವರಿನಲ್ಲಿ ಸ್ಕೂಟಿ ಮುಟ್ಟೋಕೂ ಬಿಟ್ಟಿರಲಿಲ್ಲ! ಉಲ್ಲಾಳದ ಕಡೆ ಆಗ ಖಾಲಿ ರಸ್ತೆಗಳಿದ್ದವು. ನಾನು ಗೇರ್ ಕಡೆ ಬಗ್ಗಿ ನೋಡಿದರೆ ಮಾವ ಬೈಯೋರು. "ಕೆಳಗ್ಯಾಕೆ ನೋಡ್ತೀಯ? ಕೇಳಿಸ್ಕೊ. ಎಂಜಿನ್ನೇ ಕೇಳ್ತಾ ಇದೆ ನೋಡು, ಎರಡಕ್ಕೆ ಹಾಕು ಅಂತ." ನಾನು ಕೇಳಿಸಿಕೊಂಡೆ. ನಿಜವಾಗಿಯೂ ಕೇಳ್ತಾ ಇತ್ತು. ಸ್ವಲ್ಪ ದಮ್ಮು ಕಟ್ಟಿದ ದನಿಯಲ್ಲಿ, ಮುಂದಕ್ಕೆ ಹೋಗೋಣ್ವಾ ಅಂತ.

ಮಾವನಿಗೊಂದು ಅಭ್ಯಾಸ. ಭಾನುವಾರ ಬೆಳಗ್ಗೆ ಕಾರು ಸ್ಟಾರ್ಟ್ ಮಾಡಿ, ಎಲ್ಲಿಗೂ ಹೋಗದೆ, ಕಣ್ಣು ಮುಚ್ಚಿ ಸುಮ್ಮನೆ ಕೂರೋದು. ಬೀದಿಯ ಹೊಂಗೆ ಮರ ಹೂ ಬಿಟ್ಟ ತಿಂಗಳಲ್ಲಿ ಬಾನೆಟ್ ಮೇಲೆ ಸಣ್ಣ ಸಣ್ಣ ಹೂ ಬಿದ್ದಿರುತ್ತವೆ. ಎಂಜಿನ್ ಓಡುವಾಗ ಅವೆಲ್ಲ ಸಣ್ಣಗೆ ನಡುಗುತ್ತವೆ. ನಡುಗುತ್ತಾ ನಡುಗುತ್ತಾ ಒಂದೊಂದೇ ಕೆಳಗೆ ಜಾರುತ್ತವೆ. ಅದನ್ನು ನೋಡ್ತಾ ಬಾಗಿಲಲ್ಲಿ ಕಾಫಿ ಕುಡಿಯೋದು ನನ್ನ ಅಭ್ಯಾಸ. ವಾರವಿಡೀ ಓಡಿದ ದಣಿವು ಆ ಹೊತ್ತಿಗೆ ಇಳಿದು ಹೋಗುತ್ತಿತ್ತು.

ಒಂದು ಸಲ ಕೇಳಿದ್ದೆ. "ಅಷ್ಟೊತ್ತು ಏನ್ ಕೇಳಿಸ್ಕೋತೀರ ಮಾವ?"

ಕಣ್ಣು ತೆರೆಯದೇ ಹೇಳಿದರು. "ಒಂದಾ ಎರಡಾ ಕಣಮ್ಮ. ತಾವರೆಕೆರೆ ಹತ್ರದ ಏರು ಕೇಳುತ್ತೆ. ಬೆಳಗಿನ ಜಾವದ ಮಂಜು ಕೇಳುತ್ತೆ. ಹಿಂದ್ಗಡೆ ಕೊತ್ತಂಬರಿ ಕಟ್ಟು ಇಟ್ಟಂಗಿರುತ್ತೆ, ವಾಸನೆ ಸಮೇತ."

ಮಂಜು ಹೇಗೆ ಕೇಳುತ್ತೆ ಅಂತ ನಾನು ಕೇಳಲಿಲ್ಲ. ಕೇಳಿದರೆ ಅದು ಹೊರಟುಹೋಗಬಹುದು ಅನಿಸಿತು.

ಇಂಥ ಮನೆಗೆ ಎಣ್ಣೆಯ ಪ್ರಶ್ನೆ ಬಂತು.

ಸರ್ವೀಸ್ ಮಾಡಿಸುವ ಹೊತ್ತು ಹತ್ತಿರವಾಗಿತ್ತು. ಸ್ಟಾಫ್ ರೂಮಿನಲ್ಲಿ ಹೀಗೇ ಮಾತಿಗೆ ಮಾತು ಬಂದು, ನಮ್ಮ ಫಿಸಿಕ್ಸ್ ಮೇಷ್ಟ್ರು ಕೇಳಿದರು. "ಮೇಡಂ, ಇನ್ನೂ ಮಿನರಲ್ ಆಯಿಲ್ಲೇ ಹಾಕಿಸ್ತೀರಾ?" ಕೇಳಿದ ಧಾಟಿ ಹೇಗಿತ್ತು ಅಂದರೆ, ನಾನಿನ್ನೂ ಸೀಮೆಎಣ್ಣೆ ಸ್ಟವ್ ಪಂಪ್ ಮಾಡ್ತಾ ಇದೀನಿ ಅನ್ನೋ ಹಾಗೆ. ಅವತ್ತು ಸಂಜೆ ಫೋನ್ ಹಿಡಿದು ಕೂತೆ. ವಿಡಿಯೋ ಮೇಲೆ ವಿಡಿಯೋ. ಒಬ್ಬ ಸಿಂಥೆಟಿಕ್ಕೇ ಸರಿ ಅಂತಾನೆ. ಇನ್ನೊಬ್ಬ ಹಳೇ ಗಾಡಿಗೆ ಅದು ದಂಡ ಅಂತಾನೆ. ಮೂರನೆಯವನು ಎರಡನ್ನೂ ಬಾಣಲೆಗೆ ಹಾಕಿ ಕಾಯಿಸ್ತಾ ಇದ್ದ. (ಹಪ್ಪಳ ಕರಿಯಲಿಲ್ಲ, ಅಷ್ಟೇ.)

ರಾತ್ರಿ ಊಟಕ್ಕೆ ಕೂತಾಗ ವಿಷಯ ಎತ್ತಿದೆ.

ಸತೀಶ, "ನೀನೇ ಓಡಿಸೋದು, ನೀನೇ ನೋಡ್ಕೋ" ಅಂದ.

ಅತ್ತೆ ಮುದ್ದೆ ಬಡಿಸ್ತಾ, "ಅಡುಗೆಗೆ ಗಾಣದೆಣ್ಣೆ ಬೇಕು, ಫ್ಯಾಕ್ಟರಿ ಎಣ್ಣೆ ಬೇಡ ಅಂತೀಯ. ಕಾರಿಗೆ ಮಾತ್ರ ಫ್ಯಾಕ್ಟರೀದೇ ಆಗ್ಬೇಕಾ?" ಅಂದರು. ಪಾಯಿಂಟ್ ಇತ್ತು. ಆದರೆ ಕಾರಿಗೆ ಗಾಣದೆಣ್ಣೆ ಸಿಗಲ್ವಲ್ಲ!

ಮಾವ ಮಾತ್ರ ಗಂಭೀರ. "ಮಿನರಲ್ ಹಾಕ್ಸು ಸಾಕು. ಹೊತ್ತಿಗ್ ಸರಿಯಾಗಿ ಬದಲಾಯಿಸ್ತಾ ಇರು. ನಮ್ ಟೆಂಪೋ ಅದರಲ್ಲೇ ಎಷ್ಟು ಓಡ್ಲಿಲ್ಲ?" ಅಂದರು. ಮುದ್ದೆ ಮುರಿದುಕೊಳ್ತಾ ಸೇರಿಸಿದರು. "ನಿನ್ನಿಷ್ಟ ಕಣಮ್ಮ. ಓಡಿಸೋಳು ನೀನು."

ಸುಂಕದಕಟ್ಟೆಯಲ್ಲಿ ನಾವು ಹೋಗುವ ಗ್ಯಾರೇಜು ಬಸವರಾಜನದು. ಗದಗದ ಕಡೆಯವನು. ಮಾತು ಹೆಚ್ಚು. ಕೆಲಸ ಶುರು ಮಾಡೋಕೆ ಮುಂಚೆ ಅರ್ಧ ಗಂಟೆ ಮಾತು, ಆಮೇಲೆ ಚಹಾ, ಆಮೇಲೆ ಕೆಲಸ. ಅವನನ್ನೇ ಕೇಳಿದೆ.

"ನೋಡ್ರಿ ಮೇಡಂ, ಮಿನರಲ್ ಅಂದ್ರ ನೆಲದಾಗಿಂದು. ಕಚ್ಚಾ ಎಣ್ಣಿ ಸೋಸಿ ಮಾಡಿದ್ದು. ಸಿಂಥೆಟಿಕ್ ಅಂದ್ರ ಫ್ಯಾಕ್ಟರಿಯೊಳಗ ಕಣ ಕಣ ಒಂದ ಅಳತಿಗೆ ತಂದು ಮಾಡಿದ್ದು. ಮುಂಜಾನೆ ಥಂಡಿಯೊಳಗ ಬೇಗ ಹರೀತೈತಿ, ಟ್ರಾಫಿಕ್ಕಿನ ಕಾವಿಗೂ ಜಲ್ದಿ ಕೆಡಂಗಿಲ್ಲ. ರೊಕ್ಕ ಜಾಸ್ತಿ, ಬಾಳಿಕಿನೂ ಜಾಸ್ತಿ."

"ಹಾಗಾದ್ರೆ ನಮ್ಮ ಗಾಡಿಗೆ ಯಾವುದು ಒಳ್ಳೇದು?"

ಅವನು ತಲೆ ಕೆರೆದುಕೊಂಡ. "ಎರಡೂ ನಡೀತಾವ್ರಿ. ಕಂಪನಿ ಬುಕ್ಕಿನೊಳಗ ಬರದಿರೋ ಗ್ರೇಡ್ ಇದ್ರ ಆತು. ಈ ಟ್ರಾಫಿಕ್ಕಿನ್ಯಾಗ ದಿನಾ ಒಂದನೇ ಗೇರು, ಎರಡನೇ ಗೇರು ಅಂತ ಒದ್ದಾಡೋರಿಗೆ ಸಿಂಥೆಟಿಕ್ ಚಲೋ. ನನಗೂ ಅದನ್ನ ಮಾರಿದ್ರ ನಾಕು ಕಾಸು ಹೆಚ್ಚು ಸಿಗ್ತಾವ, ಸುಳ್ಳ್ಯಾಕ ಹೇಳ್ಲಿ?" ಅಂತ ನಕ್ಕ.

ಸಂಜೆ ರಾಜಾಜಿನಗರದಿಂದ ವಿಜಯನಗರ ದಾಟಿ ಮನೆಗೆ ಬರೋ ಪಾಡು ನೆನಪಾಯಿತು. ಸಿಂಥೆಟಿಕ್ಕೇ ಹಾಕಪ್ಪ ಅಂದೆ.

ಹೊಸ ಆಯಿಲ್ ಸುರಿಯೋದನ್ನು ನೀವು ಎಂದಾದರೂ ನಿಂತು ನೋಡಿದ್ದೀರಾ? ನೋಡಬೇಕು. ಡಬ್ಬಿಯಿಂದ ಜೇನಿನ ಹಾಗೆ ಇಳಿಯುತ್ತದೆ. ಸಂಜೆ ಬಿಸಿಲು ತಗಡಿನ ಶೀಟಿನ ಸಂದಿಯಿಂದ ಬಂದು ಆ ಧಾರೆಯ ಮೇಲೆ ಬಿದ್ದಿತ್ತು. ಹೊರಗೆ ಮಾಗಡಿ ರಸ್ತೆಯಲ್ಲಿ ಬಸ್ಸು, ಲಾರಿ, ಆಟೋ, ಎಲ್ಲರಿಗೂ ಅರ್ಜೆಂಟು. ಒಳಗೆ ಈ ಎಣ್ಣೆಗೆ ಮಾತ್ರ ಯಾವ ಅವಸರವೂ ಇರಲಿಲ್ಲ. ನಾನು ಮೈಮರೆತು ನಿಂತಿದ್ದೆ. "ಆತ್ರಿ ಮೇಡಂ" ಅಂತ ಬಸವರಾಜ ಬಾನೆಟ್ ಮುಚ್ಚಿದಾಗ ನಿದ್ದೆಯಿಂದ ಎದ್ದ ಹಾಗಾಯಿತು.

ಅದಾದ ಮೇಲಿನ ಭಾನುವಾರವೇ ನಾನು ಆಗ ಹೇಳಿದ ಕರ್‍ರ್ ಸದ್ದು.

ನನ್ನ ವಿವರಣೆಯನ್ನು ಮಾವ ನಂಬಿದರು. ನಾವೆಲ್ಲರೂ ನಂಬಿದೆವು. ಯಾಕೆ ನಂಬಬಾರದು? ಎಂಜಿನ್ ನಿಜವಾಗಿಯೂ ಒಂಚೂರು ಹಗುರಾಗಿತ್ತು. ನಾನಂತೂ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದೆ. "ಎಷ್ಟು ಸೈಲೆಂಟ್ ಅಂದ್ರೆ, ನಮ್ಮ ಮಾವನಿಗೆ ಗಾಡಿ ಆನ್ ಆಗಿರೋದೇ ಗೊತ್ತಾಗ್ಲಿಲ್ಲ!" ಫಿಸಿಕ್ಸ್ ಮೇಷ್ಟ್ರು ತಾವೇ ಎಣ್ಣೆ ಕಂಡುಹಿಡಿದವರ ಹಾಗೆ ನಕ್ಕರು.

ಮಾವ ಮುಂದಿನ ಭಾನುವಾರವೂ ಕೂತರು. ಅದರ ಮುಂದಿನ ವಾರ ಬೇಗನೆ ಕಾರಿನಿಂದ ಇಳಿದು ಬಂದರು. ಆಮೇಲೆ ಕೂರೋದನ್ನೇ ಬಿಟ್ಟರು. ಭಾನುವಾರ ಬೆಳಗ್ಗೆ ವರಾಂಡದ ಕುರ್ಚಿಯಲ್ಲಿ ಪೇಪರ್ ಹಿಡಿದು, ಓದದೇ, ಮಳೆ ನೋಡ್ತಾ ಇರೋರು.

"ಯಾಕೆ ಮಾವ, ಗಾಡಿ ಸ್ಟಾರ್ಟ್ ಮಾಡಲ್ವಾ?"

"ಮೂಗಾಗೋಯ್ತು ಕಣಮ್ಮ ಅದು. ಏನ್ ಕೇಳಿಸ್ಕೊಳ್ಳೋದು?"

ನಾನು ನಗುವುದಕ್ಕೆ ಹೊರಟವಳು ಅವರ ಮುಖ ನೋಡಿ ಸುಮ್ಮನಾದೆ. ಮಳೆ ಹನಿ ಬಾನೆಟ್ ಮೇಲೆ ಬಿದ್ದು ಬಿದ್ದು ಸಿಡೀತಿತ್ತು. ಅವರು ಅದನ್ನೇ ನೋಡ್ತಾ ಇದ್ದರು. ಸಿನಿಮಾದ ಸೌಂಡ್ ಆಫ್ ಮಾಡಿ ನೋಡಿದ ಹಾಗೆ. ಈಗ ಅನಿಸುತ್ತೆ. ಅವತ್ತು ಅನಿಸಲಿಲ್ಲ.

ಮಳೆ ಕಮ್ಮಿಯಾಗ್ತಾ ಬಂದಿತ್ತು. ಒಂದು ದಿನ ನಾನು ಕಾಲೇಜಿನಿಂದ ಬಂದು ಕಾರು ನಿಲ್ಲಿಸುವಾಗ ಮಾವ ಗೇಟಿನ ಹತ್ತಿರವೇ ನಿಂತಿದ್ದರು. ಏನೋ ಕೇಳೋಕೆ ಕಾಯ್ತಾ ಇದ್ದಾರೆ ಅಂತ ಗೊತ್ತಾಯಿತು. ಮಾವ ನನ್ನ ಹತ್ತಿರ ಏನನ್ನೂ ಕೇಳುವವರಲ್ಲ.

"ಅಮ್ಮಾ, ಬೇಜಾರ್ ಮಾಡ್ಕೋಬೇಡ. ಹಳೇ ಎಣ್ಣೇನೇ ಹಾಕ್ಸಾಣ್ವಾ?"

ನನ್ನ ತಲೆಯೊಳಗಿನ ಟೀಚರ್ ಎದ್ದು ನಿಂತಳು. ಇನ್ನೂ ಎಷ್ಟೋ ಓಡಬೇಕಾದ ಎಣ್ಣೆ, ಮಧ್ಯದಲ್ಲಿ ತೆಗೆದು ಚೆಲ್ಲೋದಾ? ಆದರೆ ಅವರು ಗೇಟಿನ ಚಿಲಕ ಹಿಡಿದು ನಿಂತಿದ್ದ ರೀತಿ ನೋಡಿ ಆ ಟೀಚರನ್ನು ಕೂರಿಸಿದೆ. "ಹಾಕಿಸೋಣ ಮಾವ. ಶನಿವಾರ ಹೋಗೋಣ" ಅಂದೆ.

ಶನಿವಾರ ಮಧ್ಯಾಹ್ನ ಇಬ್ಬರೂ ಬಸವರಾಜನ ಗ್ಯಾರೇಜಿಗೆ ಹೋದೆವು. ಅವನು ಎಣ್ಣೆ ಮಟ್ಟ ನೋಡುವ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡಿದ.

"ಯಾಕ್ರೀ ಯಜಮಾನ್ರ? ಇನ್ನೂ ಹೊಸಾದ ಐತಿ. ಚೆಲ್ಲೂದು ಬ್ಯಾಡ್ರಿ."

"ಇಲ್ಲಪ್ಪ. ಇದು ಗಾಡಿ ದನೀನ ನುಂಗ್ಬಿಟ್ಟಿದೆ. ಬದಲಾಯಿಸು."

ಬಸವರಾಜ ನನ್ನನ್ನು ನೋಡಿದ. ನಾನು ತಲೆ ಆಡಿಸಿದೆ. ಬದಲಾಯಿಸಿದ.

ಮಿನರಲ್ ಆಯಿಲ್ ಒಳಗಿಳಿಯಿತು. ಮುಚ್ಚಳ ಹಾಕಿದ್ದಾಯಿತು. ಬಾನೆಟ್ ತೆರೆದೇ ಇತ್ತು. ಮಾವ ಎಂಜಿನ್ನಿನ ಎದುರಿಗೆ ಬಂದು, ಎರಡೂ ಕೈ ಹಿಂದೆ ಕಟ್ಟಿಕೊಂಡು, ಕಣ್ಣು ಮುಚ್ಚಿ ನಿಂತರು. ದೇವಸ್ಥಾನದಲ್ಲಿ ಮಂಗಳಾರತಿಗೆ ಕಾಯುವವರ ಹಾಗೆ.

ಬಸವರಾಜ ಒಳಗೆ ಕೂತು ಕೀ ತಿರುಗಿಸಿದ. ಎಂಜಿನ್ ಶುರುವಾಯಿತು. ನಮ್ಮ ಕಾರಿನ ಹಳೇ ದನಿ. ಕಟಕಟ ಕಟಕಟ ಅನ್ನುವ, ನಾನು ಎಲ್ಲಿ ಕೇಳಿದರೂ ಗುರುತು ಹಿಡಿಯುವ ದನಿ. ನಾನು ಮಾವನ ಮುಖ ನೋಡ್ತಾ ಇದ್ದೆ, ಈಗ ಅರಳುತ್ತೆ, ಈಗ ಅರಳುತ್ತೆ ಅಂತ.

ಅರಳಲಿಲ್ಲ. ಕಣ್ಣು ಮುಚ್ಚಿಕೊಂಡೇ ಕಾಯ್ತಾ ಇದ್ದರು. ಮಾಗಡಿ ರಸ್ತೆಯಲ್ಲಿ ಒಂದು ಲಾರಿ ಹೋಯಿತು. ಆಮೇಲೆ ಇನ್ನೊಂದು.

"ಸ್ಟಾರ್ಟ್ ಮಾಡಪ್ಪಾ" ಅಂದರು ಮಾವ.

ಮಾವ ಕಣ್ಣು ತೆರೆದರು. ಎಂಜಿನ್ನಿನ ಪಕ್ಕದಲ್ಲಿ ಬೆಲ್ಟು ಗಿರಗಿರ ತಿರುಗ್ತಾ ಇತ್ತು. ಅದನ್ನು ನೋಡಿದರು. ಬಸವರಾಜನ ಕೈ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಓಡ್ತಾ ಇದ್ಯಾ?"

"ಓಡ್ತಾ ಇದೆ ಮಾವ."

ಅಷ್ಟೇ. ಆ ಎರಡು ಮಾತಿನ ನಡುವೆ ಇಬ್ಬರಿಗೂ ಎಲ್ಲ ಗೊತ್ತಾಗಿಹೋಯಿತು. ಎಣ್ಣೆ ಏನನ್ನೂ ನುಂಗಿರಲಿಲ್ಲ. ಕಾಲಿಂಗ್ ಬೆಲ್ ಹೊಡೆದರೂ ಅವರು ಏಳದೇ ಇದ್ದದ್ದು, ಟೀವಿ ವಾರ್ತೆ ಬೀದಿಗೆಲ್ಲ ಕೇಳ್ತಾ ಇದ್ದದ್ದು, ನಾವು ಕೇಳಿದ್ದೊಂದು ಅವರು ಹೇಳಿದ್ದೊಂದು ಆಗ್ತಾ ಇದ್ದದ್ದು, ಎಲ್ಲಾ ಒಟ್ಟಿಗೆ ಬಂದು ನನ್ನ ಎದುರು ನಿಂತವು. ಅದನ್ನೆಲ್ಲ ನಾವು ವಯಸ್ಸು ಅಂದಿದ್ದೆವು, ಹಠ ಅಂದಿದ್ದೆವು, ಮರೆವು ಅಂದಿದ್ದೆವು. ಕಿವಿ ಅಂತ ಮಾತ್ರ ಯಾರೂ ಅಂದಿರಲಿಲ್ಲ. ಜಗತ್ತಿನ ಅತಿ ಒಳ್ಳೆಯ ಕಿವಿ ನಮ್ಮ ಮಾವನದು ಅಂತ ನಮಗೆಲ್ಲ ಗೊತ್ತಿತ್ತಲ್ಲ!

ಮಾವ ಮುಂದೆ ಬಗ್ಗಿ ಕಾರಿನ ಮಡ್‌ಗಾರ್ಡ್ ಮೇಲೆ ಅಂಗೈ ಇಟ್ಟರು. ಹಸುವಿನ ಬೆನ್ನ ಮೇಲೆ ಇಡುವ ಹಾಗೆ. ಎಂಜಿನ್ನಿನ ನಡುಕ ಕೈಗೆ ಸಿಕ್ಕಿರಬೇಕು. ಬಹಳ ಹೊತ್ತು ಹಾಗೇ ನಿಂತಿದ್ದರು. ಬಸವರಾಜ ಎಂಜಿನ್ ಆಫ್ ಮಾಡಲಿಲ್ಲ.

ವಾಪಸ್ ಬರುವಾಗ ಒಂದು ದರ್ಶಿನಿಯ ಮುಂದೆ ಗಾಡಿ ನಿಲ್ಲಿಸಿದೆ. ಕಾಫಿ ತಂದು ಕಾರಿನಲ್ಲೇ ಕೂತೆವು. ಮಾವ ಲೋಟ ಹಿಡಿದುಕೊಂಡು ಗಾಜಿನಾಚೆ ನೋಡ್ತಾ ಇದ್ದರು. ಹೊರಗೆ ಡೆಲಿವರಿ ಹುಡುಗರು, ಹೂವಿನವಳು, ಸಿಗ್ನಲ್ಲಿನಲ್ಲಿ ಹಾರ್ನ್ ಒತ್ತುತ್ತಾ ನಿಂತ ಆಟೋಗಳು.

"ಅವರೆಲ್ಲ ಹಾರ್ನ್ ಹೊಡೀತಾ ಇದಾರಾ?" ಅಂತ ಕೇಳಿದರು.

"ಹೂಂ ಮಾವ."

"ಕೇಳುತ್ತೆ. ದೂರ್‍ದಲ್ಲೆಲ್ಲೋ ಹೊಡೆದಂಗೆ." ಒಂದು ಗುಟುಕು ಕಾಫಿ ಕುಡಿದರು. "ನಮ್ ದೊಡ್ಡಪ್ಪ ಒಬ್ರಿದ್ರು, ರಂಗಪ್ಪ ಅಂತ. ಊರಲ್ಲಿ ಯಾರೂ ರಂಗಪ್ಪ ಅಂತಿರ್ಲಿಲ್ಲ. ಕಿವುಡ್ರಂಗ. ಅವ್ರ ಮುಂದೇನೇ ಅನ್ನೋರು, ಹೆಂಗೂ ಕೇಳಲ್ವಲ್ಲ ಅಂತ. ಆದ್ರೆ ಅವ್ರಿಗೆ ಗೊತ್ತಾಗ್ತಿತ್ತು ಕಣಮ್ಮ. ಬಾಯಿ ನೋಡ್ತಿದ್ರಲ್ಲ."

ಸ್ಟಿಯರಿಂಗ್ ಮೇಲಿದ್ದ ಕೈ ತೆಗೆದು ಅವರ ಮೊಣಕೈ ಮೇಲಿಟ್ಟೆ.

"ನಿಮ್ಮತ್ತೆಗೆ ಹೇಳ್ಬೇಡ."

"ಮಾವ, ಅತ್ತೆಗೆ ಹೇಳ್ದೆ ಡಾಕ್ಟರ್ ಹತ್ರ ಹೋಗೋಕಾಗುತ್ತಾ?"

ಅವರು ಕಾಫಿ ಮುಗಿಸಿದರು. "ಡಾಕ್ಟ್ರ ಹತ್ರ ಹೋಗ್ಬೇಕಾ?" ಅಂತ ಕೇಳಿದರು. ಆ ಪ್ರಶ್ನೆ ಕೇಳಿದ ದನಿಯಲ್ಲೇ ಅವರು ಒಪ್ಪಿಕೊಂಡಾಗಿತ್ತು.

ವಿಜಯನಗರದ ಒಂದು ಕ್ಲಿನಿಕ್ಕು. ಕಿವಿ ಪರೀಕ್ಷೆ ಮಾಡುವ ಹುಡುಗಿ ಮಾವನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದಳು. "ಸದ್ದು ಕೇಳಿದಾಗೆಲ್ಲ ಕೈ ಎತ್ತಿ ಅಂಕಲ್" ಅಂದಳು. ನಾನು, ಅತ್ತೆ ಹೊರಗಿನಿಂದ ನೋಡ್ತಾ ಇದ್ದೆವು. ಮಾವ ಕೈ ಎತ್ತುತ್ತಾರೆ ಅಂತ ಕಾದೆವು. ಎತ್ತಲಿಲ್ಲ. ಕಾದೆವು. ಒಂದು ಸಲ ಎತ್ತಿದರು. ಮತ್ತೆ ಎಷ್ಟೋ ಹೊತ್ತು ಇಲ್ಲ. ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ಎತ್ತಿ ಅಂತ ಹೇಳೇ" ಅಂತ ನನಗೇ ಹೇಳಿದರು.

ಎರಡೂ ಕಿವಿಯ ನರ ಸೋತಿದೆ, ನಿಧಾನಕ್ಕೆ ಆಗಿರೋದರಿಂದ ಅವರಿಗೇ ಗೊತ್ತಾಗಿಲ್ಲ, ತೆಳು ಸದ್ದುಗಳು ಮೊದಲು ಹೋಗುತ್ತವೆ, ಮೆಷಿನ್ ಹಾಕಿದರೆ ಚೆನ್ನಾಗಿ ಕೇಳುತ್ತೆ ಅಂತ ಡಾಕ್ಟರು ಹೇಳಿದರು. ಕೆಲವು ದಿನ ಹಾಕಿಕೊಂಡು ನೋಡಿ ಅಂತ ಒಂದು ಜೊತೆ ಕೊಟ್ಟು ಕಳಿಸಿದರು.

ಮೆಷಿನ್ ಹಾಕಿಕೊಂಡು ಕ್ಲಿನಿಕ್ಕಿನ ಮೆಟ್ಟಿಲಿಳಿದ ಮಾವ ಫುಟ್‌ಪಾತಿನ ಮೇಲೆ ಗಕ್ಕನೆ ನಿಂತರು. "ಅಬ್ಬಬ್ಬಾ! ಇದೇನಮ್ಮ ಇಷ್ಟು ಗಲಾಟೆ! ನೀವೆಲ್ಲ ದಿನಾ ಇದ್ರಲ್ಲೇ ಇದ್ರಾ?"

ಆಟೋದಲ್ಲಿ ಮನೆಗೆ ಬಂದವರು ಸೀದಾ ಕಾರಿನಲ್ಲಿ ಕೂತರು. ಕೀ ತಿರುಗಿಸಿದರು. ನಾನು, ಅತ್ತೆ ಗೇಟಿನ ಹತ್ತಿರ ನಿಂತೆವು. ಸತೀಶ ಕೂಡ ಒಳಗಿನಿಂದ ಬಂದ. ಕಟಕಟ ಕಟಕಟ. ಮಾವನ ಹುಬ್ಬು ಮೇಲೇರಿತು. ಕೇಳಿಸ್ತಾ ಇತ್ತು! ಅತ್ತೆ ಸೆರಗಿನಿಂದ ಕಣ್ಣೊತ್ತಿಕೊಂಡರು.

ಆದರೆ ಮಾವ ಎಂಜಿನ್ ಆಫ್ ಮಾಡಿ ಇಳಿದರು.

"ಏನಾಯ್ತು ಅಪ್ಪಾ?"

"ಸದ್ದೇನೋ ಬಂತು. ನಮ್ ಗಾಡೀದಲ್ಲ. ತಗಡಿನ ಡಬ್ಬಿಯೊಳಗೆ ಕಾಳು ಅಲ್ಲಾಡಿಸ್ದಂಗಿದೆ." ಕಿವಿಯಿಂದ ಮೆಷಿನ್ ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಎಷ್ಟೋ ದಿನದ ಮೇಲೆ ನಕ್ಕರು. "ಇದು ಸಿಂಥೆಟಿಕ್ ಸದ್ದು ಕಣಮ್ಮ."

ನಕ್ಕೆವು. ಅತ್ತೆ ನಗಲಿಲ್ಲ. "ಆ ಮಿನರಲ್ ಕಿವಿ ಇನ್ನೆಲ್ಲಿ ತರಾಣ? ಸುಮ್ನೆ ಹಾಕ್ಕೊಳ್ಳಿ" ಅಂದರು.

ಅತ್ತೆ ಮಾತಿಗೆ ಎದುರಿಲ್ಲ. ಹಾಕಿಕೊಂಡರು. ಮೊದಮೊದಲು ಊಟಕ್ಕೆ ಕೂತಾಗ ತಟ್ಟೆ ಲೋಟದ ಸದ್ದಿಗೇ ಬೆಚ್ಚಿ ಬೀಳೋರು. ಚಪ್ಪಲಿ ಸದ್ದು, ಪೇಪರ್ ಮಡಿಸುವ ಸದ್ದು, ಎಲ್ಲವನ್ನೂ ಕೇಳಿ ಕೇಳಿ ತಿಳ್ಕೊಳ್ಳೋರು. "ಅದೇನದು ಟಿಕ್ ಟಿಕ್ ಅನ್ನೋದು?" ಗೋಡೆ ಗಡಿಯಾರ ಮಾವ. "ಅದ್ಯಾವಾಗಿಂದ ಟಿಕ್ ಟಿಕ್ ಅಂತಿದೆ?" ಮೆದುಳು ಹೊಸ ಸದ್ದಿಗೆ ಹೊಂದಿಕೊಳ್ಳೋಕೆ ಸ್ವಲ್ಪ ಕಾಲ ಬೇಕು ಅಂತ ಕ್ಲಿನಿಕ್ಕಿನ ಹುಡುಗಿ ಹೇಳಿದ್ದಳು. ಹಾಗೇ ಆಯಿತು. ಒಂದು ಭಾನುವಾರ ಕಾರಿನಲ್ಲಿ ಕೂತು ಬಂದವರು, "ಇವತ್ತು ಒಂಚೂರು ನಮ್ದೇ ಥರ ಕೇಳ್ತು" ಅಂದರು. ಮಂಜು ಕೇಳ್ತಾ ಅಂತ ಕೇಳೋಣ ಅನ್ನಿಸಿತು. ಬಿಟ್ಟೆ. ಅದು ಬರುವಾಗ ಬರಲಿ.

ಹಾಗಾದರೆ ಯಾವ ಎಣ್ಣೆ ಒಳ್ಳೇದು ಮೇಡಂ ಅಂತ ನೀವು ಕೇಳ್ತೀರಿ. ಗೊತ್ತು. ನಿಮ್ಮ ಗಾಡಿಯ ಬುಕ್ಕಿನಲ್ಲಿ ಬರೆದಿರುವ ಗ್ರೇಡು ಹಾಕಿಸಿ. ಟ್ರಾಫಿಕ್ಕಿನಲ್ಲಿ ದಿನಾ ಬೇಯುವವರು, ಕೈಯಲ್ಲಿ ಆಗುತ್ತೆ ಅನ್ನುವವರು ಸಿಂಥೆಟಿಕ್ ಹಾಕಿಸಿ. ಹೊತ್ತಿಗೆ ಸರಿಯಾಗಿ ಬದಲಾಯಿಸುವ ಶಿಸ್ತಿದ್ದರೆ ಮಿನರಲ್ ಸಾಕು. ನಮ್ಮ ಗಾಡಿಯಲ್ಲಿ ಸದ್ಯಕ್ಕೆ ಮಿನರಲ್ಲೇ ಇದೆ. ಮುಂದಿನ ಸಲಕ್ಕೆ ಮಾವನನ್ನು ಕೇಳಿದರೆ, "ಅದರ ವಿಷಯ ನನ್ನ ಕೇಳ್ಬೇಡಮ್ಮ, ಎಣ್ಣೆ ಮೇಲೆ ಸುಮ್ಮನೆ ತಪ್ಪು ಹೊರಿಸಿದೀನಿ" ಅಂತಾರೆ.

ಆದರೆ ನಾನು ಬರೆಯೋಕೆ ಕೂತಿದ್ದು ಎಣ್ಣೆಗಾಗಿ ಅಲ್ಲ. ಮೊನ್ನೆ ಊಟದ ಹೊತ್ತಿನಲ್ಲಿ ಆದ ಒಂದು ಸಣ್ಣ ವಿಷಯಕ್ಕಾಗಿ.

ಎಲ್ಲರೂ ಕೂತಿದ್ದೆವು. ಅತ್ತೆ ಸೌಟು ಹಿಡಿದು, "ರೀ, ಸಾರು ಹಾಕ್ಲಾ?" ಅಂದರು.

ಮಾವ ಬೆಚ್ಚಿ ತಲೆ ಎತ್ತಿದರು. "ಯಾಕೆ ಜಯಾ, ಅಷ್ಟು ಸಿಟ್ಟು?"

"ಸಿಟ್ಟೆಲ್ಲಿ? ಸಾರು ಹಾಕ್ಲಾ ಅಂದೆ!"

"ಮತ್ಯಾಕೆ ಹಂಗೆ ಕೂಗ್ತೀಯ?"

ಅತ್ತೆ ನನ್ನನ್ನು ನೋಡಿದರು. ನಾನು ಸತೀಶನನ್ನು ನೋಡಿದೆ. "ಹೌದಮ್ಮ, ನೀನು ಜೋರಾಗೇ ಮಾತಾಡೋದು!" ಅಂದ ಸತೀಶ. ಅವನೂ ಕೂಗಿಯೇ ಹೇಳಿದ್ದ. ಅದು ಅವನಿಗೇ ಕೇಳಿಸಿ ಬಾಯಿ ಮುಚ್ಚಿದ. ಆಗ ನನಗೂ ಹೊಳೆಯಿತು. ನಮ್ಮ ಮನೆಯಲ್ಲಿ ಎಲ್ಲರೂ ಕೂಗ್ತಾ ಇದ್ದೆವು. ಒಂದು ವರ್ಷದಿಂದ? ಎರಡು ವರ್ಷದಿಂದ? ಯಾರಿಗೂ ಗೊತ್ತಿಲ್ಲ. ಮಾವನ ಕಿವಿ ಒಂದೊಂದು ಹೆಜ್ಜೆ ಹಿಂದೆ ಸರಿದ ಹಾಗೆ ನಮ್ಮ ದನಿ ಒಂದೊಂದು ಮೆಟ್ಟಿಲು ಏರಿತ್ತು. ಅತ್ತೆಗೆ ಇತ್ತೀಚೆಗೆ ಸಿಡುಕು ಜಾಸ್ತಿಯಾಗಿದೆ ಅಂತ ನಾನು ಅಂದುಕೊಂಡಿದ್ದೆ. ಸೊಸೆಯ ಬಾಯಿ ಜೋರಾಗಿದೆ ಅಂತ ಅವರೂ ಅಂದುಕೊಂಡಿದ್ದರಂತೆ! (ಆಮೇಲೆ ಅವರೇ ಹೇಳಿದರು.)

ಗಡಿಯಾರದ ಸದ್ದು ಎಲ್ಲರಿಗೂ ಕೇಳಿಸಿತು. ಅತ್ತೆ ಒಮ್ಮೆ ಗಂಟಲು ಸರಿಮಾಡಿಕೊಂಡರು. ಹೊಸದಾಗಿ ಹಾಡು ಕಲಿಯುವವರ ಹಾಗೆ, ನಾಚಿಕೊಂಡು, ಮೆಲ್ಲಗೆ ಕೇಳಿದರು.

"ರೀ... ಸಾರು ಹಾಕ್ಲಾ?"

ಮಾವ ತಟ್ಟೆ ಮುಂದಕ್ಕೆ ಚಾಚಿದರು. ಸಾರು ಬಿದ್ದ ಮೇಲೂ ಹಿಂದಕ್ಕೆ ತಗೊಳ್ಳಲಿಲ್ಲ. "ಇನ್ನೊಂದ್ ಸಲ ಕೇಳು" ಅಂದರು.

ನಿಮ್ಮ ಮನೆಯಲ್ಲಿ ದನಿ ಏರಿರೋದು ಸಿಟ್ಟಿಗಾ, ಇಲ್ಲಾ ಯಾರದೋ ಕಿವಿಗಾ?